ಅಟ್ಟದಲ್ಲೊಂದು ಮೂಲೆ

ಅಟ್ಟದ ಮೇಲಿದ್ದ ಬೆಟ್ಟಸ್ವಾಮಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನೀರಿನ ಸದ್ದಿಲ್ಲ, ಒಳಗೆ ಕೊಬ್ಬರಿ ಗಡಗಡ ಅಂದಿತು. ಕೆಳಗೆ ಏಣಿ ಹಿಡಿದು ನಿಂತಿದ್ದ ಮನೆಯ ಯಜಮಾನಿ ಸುವರ್ಣಮ್ಮ, ಅದು ಆಗಿದೆ, ಇಳಿಸು ಎಂದರು. ಪ್ರತಿವರ್ಷ ಅವರ ಅಟ್ಟ ಹತ್ತುತ್ತಿದ್ದ ಆಳು ಈ ಸಲ ಊರಲ್ಲಿರಲಿಲ್ಲ. ಹಾಗಾಗಿ ಕೆಳಗಿನ ಕೇರಿಯ ರಂಗಕ್ಕ, ಮೈಸೂರಿನಿಂದ ರಜೆಗೆ ಬಂದ ಮಗ ಬೆಟ್ಟಸ್ವಾಮಿಯನ್ನೇ ಅಟ್ಟ ಹತ್ತಿಸಿ, ತಾನು ಹಿತ್ತಲಲ್ಲಿ ಕಾಯಿ ಸುಲಿಯಲು ಕೂತಿದ್ದಳು. ಎಂ.ಬಿ.ಎ. ಓದುವವನಾದರೇನು, ಶೆಟ್ಟಿಕೆರೆಗೆ ಬಂದಮೇಲೆ ಅವನೂ ಒಂದು ಆಳೇ. ಹಾಸ್ಟೆಲುಗಳಲ್ಲಿ ಬೆಳೆದ ಬೆಟ್ಟಸ್ವಾಮಿ ಈ ಅಟ್ಟ ಹತ್ತಿದ್ದು ಅದೇ ಮೊದಲು.

ಅವನ ಅಂಗಿಯ ಜೇಬಿನಲ್ಲಿ ಕಾಲೇಜಿನವರು ಕೊಟ್ಟ, ನಾಲ್ಕು ಮಡಿಕೆಯ ಒಂದು ಫಾರಂ ಇತ್ತು. ಕೊನೆಯ ವರ್ಷದವರು ಒಂದೊಂದು ಸಂಸ್ಥೆ ಆರಿಸಿಕೊಂಡು, ಎರಡು ತಿಂಗಳು ಅಲ್ಲಿದ್ದು, ಅದರ ತೊಂದರೆ ಹುಡುಕಿ ಸಲಹೆ ಕೊಡಬೇಕು. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದನ್ನು ಮೇಷ್ಟ್ರು ಇವನಿಗೆಂದೇ ಎತ್ತಿಟ್ಟಿದ್ದರು. ಹೋದ ವರ್ಷ ಅಲ್ಲಿಗೆ ಹೋದವನಿಗೆ ಅಲ್ಲೇ ನೌಕರಿಯಾಗಿತ್ತು. ಸೋಮವಾರ ಫಾರಮಿನಲ್ಲಿ ಆ ಕಾರ್ಖಾನೆಯ ಹೆಸರು ಬರೆದು ಕೊಟ್ಟರೆ ಇವನದೂ ಒಂದು ದಾರಿಯಾದಂತೆ. ಇದನ್ನೆಲ್ಲ ಅವನು ಅಟ್ಟದ ಮೇಲಿಂದಲೇ ಉಮೇದಿನಿಂದ ಹೇಳಿದ.

"ಆ ಕಾರ್ಖಾನೆಯೋರಿಗೆ ಏನಪ್ಪಾ ಕಷ್ಟ?" ಎಂದರು ಸುವರ್ಣಮ್ಮ.

"ಇನ್ನೂ ಗೊತ್ತಿಲ್ಲ ಅಮ್ಮೋರೆ. ಹೋದ್ಮೇಲೆ ಹುಡುಕ್ಬೇಕು."

ಸುವರ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವನಿಗೂ ನಗು ಬಂತು.

ಅಟ್ಟದ ಆಚೆ ಮೂಲೆಯಲ್ಲಿ ಬಿದಿರಿನ ತಡಿಕೆ ಅಡ್ಡವಿಟ್ಟು ಇನ್ನೊಂದು ಸಣ್ಣ ರಾಶಿ ಹಾಕಿತ್ತು. ಅದರಿಂದಲೂ ಇಳಿಸಲೇ ಎಂದು ಕೇಳಿದ.

"ಅದನ್ನ ಮುಟ್ಬೇಡ. ನಿಮ್ಮವ್ವಂದು ಕಣಪ್ಪ. ನೀನು ಮಿಡ್ಲಿಸ್ಕೂಲಿಗೆ ಸೇರಿದ್ ವರ್ಷದಿಂದ ಆ ಮೂಲೆ ಅವಳ್ದೇ."

ಬೆಟ್ಟಸ್ವಾಮಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟ. ಕಾಯಿ ಕೊಬ್ಬರಿಯಾಗಬೇಕಾದರೆ ಹತ್ತು ಹನ್ನೊಂದು ತಿಂಗಳು ಒಲೆಯ ಹೊಗೆಯ ಮೇಲೆ ಅಟ್ಟದಲ್ಲಿರಬೇಕು. ತಮ್ಮ ಮನೆಯೋ ಒಂದಂಕಣದ ಸೋಗೆ ಗುಡಿಸಲು, ಅಲ್ಲಿ ಅಟ್ಟವೆಲ್ಲಿ? ಇವತ್ತಿಗೂ ಅವರ ಕೇರಿಯವರೆಲ್ಲ ಕೆಡವಿದ ವಾರದಲ್ಲೇ ಹಸಿಕಾಯಿ ಮಾರುತ್ತಾರೆ, ವ್ಯಾಪಾರಿ ಹೇಳಿದ್ದೇ ಬೆಲೆ. ಅವ್ವ ಮಾತ್ರ ಎಂಟು ಮರದ ಕಾಯನ್ನು ಕೊಬ್ಬರಿ ಮಾಡಿ ಮಾರಿ ಅವನನ್ನು ಓದಿಸಿದ್ದಳು. ಉಗ್ರಾಣದ ನಿರ್ವಹಣೆ ಎಂಬ ಪೇಪರಿನಲ್ಲಿ ತರಗತಿಗೇ ಮೊದಲು ಬಂದ ಈ ಜಾಣನಿಗೆ, ತನ್ನ ಮನೆಯ ಕಾಯಿ ವರ್ಷವಿಡೀ ಎಲ್ಲಿರುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಕೆಳಗೆ ನಿಂತ ಮುದುಕಿಯ ಮೇಲೆ ಪ್ರೀತಿ ಉಕ್ಕಿತು.

ಅವ್ವ ಇದಕ್ಕೆ ಏನು ಕೊಡುತ್ತಿದ್ದಳು ಎಂದು ಕೇಳಿದ.

"ಕೊಡೋದೇನು ಬುಡು, ಖಾಲಿ ಬಿದ್ದಿದ್ ಮೂಲೆ. ನಿಮ್ ಕೇರಿಯೋರು ಇನ್ನೂ ಹತ್ತು ಮನೆಯೋರು ಕೇಳ್ತಾರೆ ಕಣಪ್ಪ. ಇಲ್ಲ ಅನ್ನೋಕೆ ನಂಗೆ ಸಂಕಟ ಆಯ್ತದೆ. ಅದಕ್ಕೇನಾರ ದಾರಿ ಐತಾ ನಿನ್ ಓದ್ನಲ್ಲಿ?"

ಅವನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಹತ್ತು ಮನೆಗೂ ಸೇರಿ ಒಂದು ಅಟ್ಟ. ಕಟ್ಟುವವರು ಯಾರು, ಯಾರ ಕಾಯಿ ಯಾವುದೆಂದು ಗುರುತಿಡುವುದು ಹೇಗೆ, ಹೊಗೆ ಹಾಕುವವರು ಯಾರು? ಕಾರ್ಖಾನೆ ಕೈಬಿಟ್ಟರೆ ಮೇಷ್ಟ್ರು ಮುನಿಸಿಕೊಳ್ಳುತ್ತಾರೆ, ಆ ಜಾಗಕ್ಕೆ ಇನ್ನೊಬ್ಬ ಹಾರುತ್ತಾನೆ. ನೌಕರಿಯ ಮಾತೂ ಅಲ್ಲಿಗೇ ಮುಗಿಯಿತು. ಆದರೂ ಏಣಿ ಇಳಿದವನೇ ಫಾರಂ ಬಿಡಿಸಿ, ಸಂಸ್ಥೆಯ ಹೆಸರಿನ ಜಾಗದಲ್ಲಿ ಶೆಟ್ಟಿಕೆರೆ ಕೆಳಗಿನ ಕೇರಿಯ ತೆಂಗು ಬೆಳೆಗಾರರು ಎಂದು ಬರೆದ. ಸಂಸ್ಥೆಯ ಮುಖ್ಯಸ್ಥರ ಜಾಗದಲ್ಲಿ ರುಜು ಹಾಕಿ ಎಂದು ಕೇಳಿದಾಗ ಸುವರ್ಣಮ್ಮ ಒಪ್ಪಲಿಲ್ಲ. ಕಷ್ಟ ಇರುವವರು ಹಾಕಬೇಕು ಎಂದು ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದ ರಂಗಕ್ಕನನ್ನು ಕೂಗಿದರು.

ರಂಗಕ್ಕ ಎಲ್ಲ ಕೇಳಿಸಿಕೊಂಡಳು.

"ಬೆಂಗ್ಳೂರಿನ್ ಕಾರ್ಖಾನೆ ಬುಟ್ಬುಟ್ಟೇನ್ಲಾ?"

"ಹ್ಞೂಂ ಕಣವ್ವ."

ಅವಳು ಮಗನ ಮುಖವನ್ನೇ ನೋಡಿದಳು, ಅಟ್ಟದ ಕಡೆ ನೋಡಿದಳು. "ಹೆಬ್ಬೆಟ್ಟು ಎಲ್ಲೊತ್ಲಿ?" ಎಂದಳು.

ಹೆಬ್ಬೆಟ್ಟಿಗೆ ಹಚ್ಚುವ ಶಾಯಿ ಮನೆಯಲ್ಲಿ ಇರಲಿಲ್ಲ. ಸುವರ್ಣಮ್ಮ ಅಟ್ಟದ ತೊಲೆಯಿಂದ ಹೊಗೆಗೆ ಕಟ್ಟಿದ ಕಪ್ಪು ಇಲ್ಲಣ ಕೆರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕಲಸಿಕೊಟ್ಟರು. ರಂಗಕ್ಕ ಹೆಬ್ಬೆರಳು ಅದ್ದಿ, ತೋರಿಸಿದ ಕಡೆ ಬಲವಾಗಿ ಒತ್ತಿದಳು.

ಭಾನುವಾರ ಮೈಸೂರಿನ ಬಸ್ಸಿನಲ್ಲಿ ಬೆಟ್ಟಸ್ವಾಮಿ ಫಾರಮನ್ನು ಮಡಿಸಲಿಲ್ಲ. ಗುರುತು ಅಳಿಸೀತೆಂದು ಉದ್ದಕ್ಕೂ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಗಾಳಿಗೆ ಹಾರದಂತೆ ಅಂಚುಗಳನ್ನು ಹಿಡಿದುಕೊಂಡೇ ಕೂತಿದ್ದ.