ಒಂದು ಮೊಳೆಗೆ ಆರು ಕ್ಯಾಲೆಂಡರ್

ನಿಮ್ಮ ಮನೆಯಲ್ಲಿ ಬ್ಯಾಂಕಿನ ವ್ಯವಹಾರ ನೋಡುವವರು ಯಾರು? ಅವರು ದುಡ್ಡನ್ನು ಎಲ್ಲೆಲ್ಲಿ ಇಟ್ಟಿದ್ದಾರೆ ಎಂದು ಮನೆಯ ಇನ್ನೊಬ್ಬರಿಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಸ್ವಲ್ಪ ಕುಳಿತುಕೊಳ್ಳಿ, ನಿಮಗೇ ಹೇಳುವ ಕಥೆ ಇದು.

ನಾನು ರಾಜೀವಿ, ಬಂಟ್ವಾಳದ ಹತ್ತಿರ ನರಿಕೊಂಬಿನವಳು. ಇಲ್ಲಿನ ಒಂದು ಸೊಸೈಟಿಗೆ ಹದಿನಾಲ್ಕು ವರ್ಷದಿಂದ ಪಿಗ್ಮಿ ಸಂಗ್ರಹಿಸುತ್ತೇನೆ. ದಿನವೂ ಮನೆ ಮನೆಗೆ ಹೋಗಿ ಹತ್ತೋ ಇಪ್ಪತ್ತೋ ರೂಪಾಯಿ ಪಡೆದು ರಶೀದಿ ಹರಿದು ಕೊಡುವ ಕೆಲಸ. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಆದರೆ ಬಾಯಿ ಬಿಡಲೇಬೇಕಾಗಿದ್ದ ಒಂದು ದಿನ ನಾನು ಸುಮ್ಮನೆ ಕುಳಿತೆ. ಇದು 2004ರ ಮಾತು, ಇಂದಿಗೆ ನಾಲ್ಕು ವರ್ಷವಾಯಿತು.

ನಮ್ಮ ನೆರೆಮನೆಯ ನಿತ್ಯಾನಂದಣ್ಣ ಮುಂಬೈಯ ಹೋಟೆಲೊಂದರ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕುಳಿತು, ನಾಲ್ಕು ಲಕ್ಷ ಉಳಿಸಿ ಊರಿಗೆ ಬಂದವರು. ಹೆಂಡತಿ ಕಾಂತಿಯಕ್ಕ ಬೀಡಿ ಕಟ್ಟುತ್ತಿದ್ದರು. ಮಗಳು ಸಾತ್ವಿಕಾ ಹೈಸ್ಕೂಲಿನಲ್ಲಿದ್ದಳು. ಆಗ ಠೇವಣಿಯ ಬಡ್ಡಿ ವರ್ಷ ವರ್ಷಕ್ಕೂ ಇಳಿಯುತ್ತಿದ್ದ ಕಾಲ. ನಿತ್ಯಣ್ಣ ಸುಮ್ಮನೆ ಕೂರುವ ಜನ ಅಲ್ಲ. ಎಲ್ಲಿ ಅರ್ಧ ಪರ್ಸೆಂಟ್ ಹೆಚ್ಚು ಕಂಡರೂ ಇದ್ದ ಠೇವಣಿ ಮುರಿದು ಅಲ್ಲಿಗೆ ಒಯ್ಯುತ್ತಿದ್ದರು. ಎಲ್ಲ ಪಾಸ್‌ಬುಕ್ಕು, ಠೇವಣಿ ರಶೀದಿಗಳನ್ನು ಒಂದು ರೆಕ್ಸಿನ್ ಚೀಲದಲ್ಲಿ ಹಾಕಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರೆ ಬೆಳ್ತಂಗಡಿ, ಅಳದಂಗಡಿ, ಮೂಡುಬಿದಿರೆ ಸುತ್ತಿ ಸಂಜೆಗೆ ಮನೆ ಸೇರುತ್ತಿದ್ದರು.

"ಬಸ್ಸಿಗೆ ಎಷ್ಟು ಹೋಗ್ತದೆ ನಿತ್ಯಣ್ಣ? ಅವಧಿಗೆ ಮೊದಲು ಮುರಿದರೆ ಬಡ್ಡಿಯಲ್ಲಿ ಹಿಡೀತಾರಲ್ವಾ?" ಎಂದು ನಾನು ಕೆಣಕುತ್ತಿದ್ದೆ.

"ಎಲ್ಲ ಲೆಕ್ಕ ಹಾಕಿಯೇ ಹೋಗುವುದು ಮಾರಾಯ್ತಿ. ಕೌಂಟರಿನಲ್ಲಿ ಕೂತವನಿಗೆ ಲೆಕ್ಕ ಹೇಳಿಕೊಡ್ತೀಯಾ?"

ಒಮ್ಮೆ ನಮ್ಮ ಸೊಸೈಟಿಯ ಬಡ್ಡಿ ಸ್ವಲ್ಪ ಹೆಚ್ಚಿತ್ತು. ಅರುವತ್ತು ಸಾವಿರ ಇಡುತ್ತೇನೆ ಎಂದರು. ಅವರ ಜಗಲಿಯಲ್ಲಿ ಕುಳಿತು ಫಾರ್ಮು ತುಂಬಿದವಳು ನಾನೇ. ಕಾಂತಿಯಕ್ಕ ಪಕ್ಕದಲ್ಲೇ ಬೀಡಿ ಎಲೆ ಕತ್ತರಿಸುತ್ತಿದ್ದರು.

"ಕಾಂತಿಯಕ್ಕನ ಹೆಸರನ್ನೂ ಸೇರಿಸುವ. ಜಂಟಿ ಖಾತೆ ಆದರೆ ಒಳ್ಳೇದು," ಎಂದೆ.

"ಬೇಡ. ಮತ್ತೆ ಮಧ್ಯದಲ್ಲಿ ಮುರಿಯುವಾಗ ಇವಳ ಸಹಿಯೂ ಬೇಕು ಅಂತಾರೆ. ಇವಳನ್ನು ಬಸ್ಸಿನಲ್ಲಿ ಕರ್ಕೊಂಡು ತಿರುಗ್ಲಿಕ್ಕೆ ಆಗ್ತದಾ?"

"ನಾಮಿನಿಯಾದರೂ ಬರೀತೇನೆ."

"ನಾನು ಗಟ್ಟಿ ಇದ್ದೇನೆ. ಸತ್ತ ಮೇಲಿನದ್ದನ್ನು ಈಗಲೇ ಬರೆದು ಅಪಶಕುನ ಮಾಡುವುದು ಯಾಕೆ? ಖಾಲಿ ಬಿಡು."

ಕಾಂತಿಯಕ್ಕ ತಲೆ ಎತ್ತಲಿಲ್ಲ. "ಅವರಿಗೆ ಗೊತ್ತುಂಟು ರಾಜೀವಕ್ಕ, ಅವರೇ ನೋಡಿಕೊಳ್ತಾರೆ," ಎಂದರು.

ನಾನು ಎರಡೂ ಸಾಲು ಖಾಲಿ ಬಿಟ್ಟೆ. ಇನ್ನೂ ಎರಡು ಮಾತು ಹೇಳಿದರೆ ಇಷ್ಟು ದೊಡ್ಡ ಠೇವಣಿ ಕೈತಪ್ಪಿ ಹೋದೀತು ಎಂಬ ಭಯ ನನಗೆ. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಆ ಠೇವಣಿಯನ್ನೂ ಅವರು ಜುಲೈಯಲ್ಲಿ ಮುರಿದು ಒಯ್ದರು. ಎಲ್ಲಿಗೆ ಎಂದು ಕೇಳಿದರೆ ನಕ್ಕರು, ಹೇಳಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ನಿತ್ಯಣ್ಣ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದರು. ಯಾರೋ ಪುಣ್ಯಾತ್ಮರು ಎತ್ತಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಚೀಲ ಮಾತ್ರ ಆ ಗಡಿಬಿಡಿಯಲ್ಲಿ ಎಲ್ಲಿ ಹೋಯಿತೋ, ಸಿಗಲೇ ಇಲ್ಲ. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ನಿಂತಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಎರಡು ದಿನದೊಳಗೆ ಆಪರೇಷನ್ ಆಗಬೇಕು, ಅರುವತ್ತು ಸಾವಿರ ಹೊಂದಿಸಿ ಎಂದರು ಡಾಕ್ಟರು.

ಮನೆಯಲ್ಲಿದ್ದದ್ದು ಸಾವಿರದ ನೂರು ರೂಪಾಯಿ. ಕಾಂತಿಯಕ್ಕ ತನ್ನ ಬಳೆ, ಮಗಳ ಸರ ಅಡವಿಟ್ಟರು. ಹದಿನೆಂಟು ಸಾವಿರ ಸಿಕ್ಕಿತು. ನಾನು ಮೂರು ಸಾವಿರ ಕೊಟ್ಟೆ. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನಾಲ್ಕು ಲಕ್ಷ ಉಂಟು ಅಂತ ಗೊತ್ತುಂಟು ರಾಜೀವಕ್ಕ. ಎಲ್ಲಿ ಉಂಟು ಅಂತ ಗೊತ್ತಿಲ್ಲ."

ಹಾಸಿಗೆಯ ಬಳಿ ಬಗ್ಗಿ ಕೇಳಿದರು. "ಯಾವ ಬ್ಯಾಂಕು? ಊರಿನ ಹೆಸರಾದರೂ ಹೇಳಿ." ನಿತ್ಯಣ್ಣನಿಗೆ ಪ್ರಶ್ನೆ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಬರೀ ಸ್ವರ ಬಂತು. ನಮಗೆ ಗೊತ್ತಿದ್ದ ಊರುಗಳ ಹೆಸರು ಹೇಳಿದರೆ ಎಲ್ಲದಕ್ಕೂ ತಲೆಯಾಡಿಸಿದರು, ಒಂದೊಂದು ಊರಲ್ಲೂ ಬ್ಯಾಂಕು, ಸೊಸೈಟಿ ಹತ್ತಾರು. ಇಪ್ಪತ್ತೆರಡು ವರ್ಷ ಲೆಕ್ಕ ಹೇಳಿದ ಮನುಷ್ಯ, ಕಣ್ಣಲ್ಲಿ ನೀರು ಸುರಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಅತ್ತೆ.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಬಟ್ಟೆ ತರಲು ಕಾಂತಿಯಕ್ಕನ ಜೊತೆ ಮನೆಗೆ ಬಂದೆ. ಅವರು ಗೋಡೆಯ ಮುಂದೆ ನಿಂತುಬಿಟ್ಟರು. ಒಂದೇ ಮೊಳೆಗೆ ಒಂದರ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿದ್ದವು. ಹೊಸ ವರ್ಷಕ್ಕೆ ನಿತ್ಯಣ್ಣ ತಂದು ಹಾಕಿದ್ದು.

"ರಾಜೀವಕ್ಕ, ಇಷ್ಟು ಕ್ಯಾಲೆಂಡರ್ ಇವರಿಗೆ ಪುಕ್ಕಟೆ ಯಾರು ಕೊಡ್ತಾರೆ?"

ಕೆಳಗೆ ಇಳಿಸಿ ನೋಡಿದೆವು. ಒಟ್ಟು ಆರು. ಪ್ರತಿಯೊಂದರ ಅಡಿಯಲ್ಲೂ ಬ್ಯಾಂಕಿನದೋ ಸೊಸೈಟಿಯದೋ ಹೆಸರು, ಊರು, ಫೋನ್ ನಂಬರ್ ಇತ್ತು. ಒಂದು ನಮ್ಮ ಸೊಸೈಟಿಯದೇ. ಕಾಂತಿಯಕ್ಕ ಉಳಿದ ಐದನ್ನು ಸುರುಳಿ ಸುತ್ತಿ ಎಸ್‌ಟಿಡಿ ಬೂತಿಗೆ ನಡೆದರು. ಎರಡು ಕಡೆ ಖಾತೆ ಮುಚ್ಚಿತ್ತು, ಇನ್ನೆರಡು ಕಡೆ ಫೋನಿನಲ್ಲಿ ಏನೂ ಹೇಳುವುದಿಲ್ಲ ಎಂದರು. ಬೆಳ್ತಂಗಡಿಯ ಬ್ಯಾಂಕಿನ ಮ್ಯಾನೇಜರು ನೇರವಾಗಿ ಬರಲು ಹೇಳಿದರು. ಹೋದೆವು.

"ಠೇವಣಿ ಉಂಟು ಅಮ್ಮ. ಆದರೆ ಅವರೊಬ್ಬರದೇ ಹೆಸರಿನಲ್ಲಿ ಉಂಟು. ಅವರ ಸಹಿ ಇಲ್ಲದೆ ಕೊಡುವ ಹಾಗಿಲ್ಲ."

"ಅವರ ಕೈ ಏಳುವುದಿಲ್ಲ ಸಾರ್. ಮಾತೂ ಇಲ್ಲ."

"ಹೇಳಿದ್ದು ಅರ್ಥ ಆಗ್ತದಾ?"

"ಆಗ್ತದೆ."

"ಹಾಗಾದರೆ ನಾವೇ ಆಸ್ಪತ್ರೆಗೆ ಬರ್ತೇವೆ. ಡಾಕ್ಟರರನ್ನು ಕೇಳಿ ಎಡಗೈಯ ಹೆಬ್ಬೆಟ್ಟು ಹಾಕಿಸುವ. ಇಬ್ಬರ ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನವರು ಇರ್ತಾರೆ."

ಹೀಗೊಂದು ದಾರಿ ಉಂಟೆಂದು ನನಗೂ ಗೊತ್ತಿರಲಿಲ್ಲ. ಕಾಗದಪತ್ರ ಮುಗಿದು ಐದನೆಯ ದಿನ ಆಪರೇಷನ್ ಆಯಿತು. ಜೀವ ಉಳಿಯಿತು. ಮಾತು ಬರಲಿಲ್ಲ. ಮೊದಲೇ ಆಗಿದ್ದರೆ ಬರುತ್ತಿತ್ತಾ ಎಂದು ಕಾಂತಿಯಕ್ಕ ಕೇಳಿದರು. "ಬರುತ್ತಿತ್ತೋ ಏನೋ, ಖಂಡಿತ ಹೇಳಲಿಕ್ಕಾಗುವುದಿಲ್ಲ," ಎಂದರು ಡಾಕ್ಟರು. ಆ 'ಏನೋ' ಎಂಬುದು ನನ್ನ ಎದೆಯಲ್ಲಿ ಹಾಗೇ ಕುಳಿತಿದೆ.

"ಆ ಜಾಗ ಖಾಲಿ ಬಿಟ್ಟವಳು ನಾನು ಕಾಂತಿಯಕ್ಕ. ಜಂಟಿ ಮಾಡಿಸಿದ್ದರೆ ಅವರು ಬೇರೆಡೆಗೆ ಒಯ್ಯುವಾಗ ನಿಮ್ಮ ಸಹಿ ಕೇಳ್ತಿದ್ದರು. ನಿಮಗೆ ಗೊತ್ತಾಗ್ತಿತ್ತು."

ಅವರು ನಿತ್ಯಣ್ಣನ ಹೊದಿಕೆ ಸರಿಪಡಿಸಿದರು. "ನಾನೂ ಒಂದು ದಿನ ಕೇಳಲಿಲ್ಲ ಅಲ್ವಾ," ಎಂದರು.

ಮೂರು ತಿಂಗಳ ನಂತರ ಉಳಿದ ಹಣವನ್ನೆಲ್ಲ ಎರಡೇ ಕಡೆಗೆ ತಂದೆವು. ಒಂದು ಬಂಟ್ವಾಳದ ಬ್ಯಾಂಕು, ಇನ್ನೊಂದು ನಮ್ಮ ಸೊಸೈಟಿ. ಅದೇ ಜಗಲಿ, ಅದೇ ಫಾರ್ಮು. ಈ ಸಲ ನಾನು ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿದೆ.

"ಇಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆ ನಿತ್ಯಣ್ಣ. ಆಗಬಹುದಾ?"

ತಲೆಯಾಡಿಸಿದರು.

"ಜಂಟಿ ಖಾತೆಗೆ ಯಾರ ಹೆಸರು ಬರೀಲಿ?"

ನಿತ್ಯಣ್ಣ ಎಡಗೈ ಚಾಚಿ ಕಾಂತಿಯಕ್ಕನ ಕೈ ಹಿಡಿದರು. ಹೊಗೆಸೊಪ್ಪಿನ ಬಣ್ಣ ಹತ್ತಿದ ಆ ಕೈಯನ್ನು ಮೆಲ್ಲನೆ ಎಳೆದು, ಅಂದು ನಾನು ಖಾಲಿ ಬಿಟ್ಟಿದ್ದ ಜಾಗದ ಮೇಲೆ ಇಟ್ಟರು. ನಾಮಿನಿಯ ಸಾಲಿನಲ್ಲಿ ಸಾತ್ವಿಕಾಳ ಹೆಸರು ಬರೆದೆ.

ಅಕ್ಕಂದಿರೇ, ಅಣ್ಣಂದಿರೇ, ಹೆಚ್ಚು ಬಡ್ಡಿ ಹುಡುಕುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಬೆವರಿನ ದುಡ್ಡು, ಬೆಳೆಯಲಿ. ನಾಲ್ಕು ಕಡೆ ಇಡುವುದಾದರೂ ಇಡಿ. ಆದರೆ ನಾಲ್ಕು ಕಡೆಯ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಇಡಿ, ಇನ್ನೊಬ್ಬರಿಗೆ ತೋರಿಸಿ. ನಾಮಿನಿ ಬರೆಯುವುದರಿಂದ ಯಾರ ಆಯುಸ್ಸೂ ಕಡಿಮೆಯಾಗುವುದಿಲ್ಲ. ಆದರೆ ನಾಮಿನಿಯ ಹೆಸರು ಉಪಯೋಗಕ್ಕೆ ಬರುವುದು ನಾವು ಹೋದ ಮೇಲೆ. ನಾವು ಇದ್ದೂ ಕೈಯಲ್ಲಾಗದೆ ಮಲಗಿದಾಗ ಉಪಯೋಗಕ್ಕೆ ಬರುವುದು ಜಂಟಿ ಖಾತೆ. ಇಬ್ಬರಲ್ಲಿ ಯಾರು ಬಂದರೂ ಹಣ ಕೊಡಬಹುದೆಂದು ಅದರಲ್ಲಿ ಬರೆಸಿ, ಅವಧಿಗೆ ಮೊದಲು ಮುರಿಯಲು ಏನು ನಿಯಮ ಎಂದೂ ಕೇಳಿಕೊಳ್ಳಿ. ನನ್ನಂಥವರು ಯಾರಾದರೂ ಫಾರ್ಮು ತುಂಬುವಾಗ ಒಂದು ಸಾಲು ಖಾಲಿ ಬಿಟ್ಟರೆ ಪೆನ್ನು ಹಿಡಿದು ನಿಲ್ಲಿಸಿ.

ಇವತ್ತು ಮನೆಗೆ ಹೋದವರೇ ಗೋಡೆ ನೋಡಿ. ಎಷ್ಟು ಕ್ಯಾಲೆಂಡರ್ ಉಂಟು ಎಣಿಸಿ. ಯಾಕೆ ಬಂತು ಎಂದು ಮನೆಯವರನ್ನು ಕೇಳಿ. ಅವರಿಗೆ ಮಾತಾಡಲು ಆಗುತ್ತಿರುವಾಗಲೇ ಕೇಳಿ.