ಕಾವುಪೆಟ್ಟಿಗೆ

"ಕೈ ತೆಗಿ ಅಣ್ಣ, ವೈರು ಕಿತ್ತುಹೋಗುತ್ತೆ!"

ಅಣ್ಣ ಕೈ ತೆಗೆದ. ಮೊಟ್ಟೆಗಳಿಗೆ ಕಾವು ಕೊಡುವ ದೊಡ್ಡ ಪೆಟ್ಟಿಗೆಯ ಪಕ್ಕಕ್ಕೆ ತಮ್ಮ ಕೂರಿಸುತ್ತಿದ್ದದ್ದು ಇಸ್ಪೀಟು ಎಲೆಯಷ್ಟಗಲದ ಒಂದು ಹಸಿರು ಹಲಗೆ. ಅದೇ ಕಂಪ್ಯೂಟರಂತೆ. ಅದರ ಬುದ್ಧಿಯೆಲ್ಲ ಉಗುರಿನಷ್ಟು ಕಾರ್ಡಿನಲ್ಲಿ ತುಂಬಿತ್ತು. ಬಿಸಿ ಅಳೆಯುವ ತಂತಿಯನ್ನು ಮೊಟ್ಟೆಗಳ ನಡುವೆ ಇಳಿಬಿಟ್ಟು, ಇನ್ನೊಂದನ್ನು ಹೀಟರಿನ ಸ್ವಿಚ್ಚಿಗೆ ಸೇರಿಸಿದ. ಹಲಗೆಯ ಜೊತೆಗೆ ಕೊಳ್ಳಬೇಕಿದ್ದ ಚಾರ್ಜರ್ ಕೊಂಡಿರಲಿಲ್ಲ. ಹಳೇ ಫೋನಿನದನ್ನೇ ಸಿಕ್ಕಿಸಿ, "ಕರೆಂಟು ಅಂದ್ರೆ ಕರೆಂಟೇ ತಾನೇ" ಅಂದ. ಹಲಗೆಗಂಟಿದ ಪುಟ್ಟ ಪರದೆಯ ಮೇಲೆ ಮೂವತ್ತೇಳೂವರೆ ಅಂತ ಮೂಡಿತು, ಮೊಟ್ಟೆಗೆ ಬೇಕಾದಷ್ಟೇ ಬಿಸಿ. ಮೂಲೆಯಲ್ಲಿ ಹಳದಿ ಮಿಂಚಿನ ಗುರುತೊಂದು ಬಂದು ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಸೋಪಿನ ಡಬ್ಬಿ ಇದಕ್ಕಿಂತ ದೊಡ್ಡದು. ಇದು ಮರಿ ಮಾಡುತ್ತೇನಪ್ಪಾ?" ಅತ್ತಿಗೆ ನಕ್ಕಳು.

"ನಿಮ್ಮ ಯಜಮಾನರಿಗಿಂತ ಚೆನ್ನಾಗಿ ಮಾಡುತ್ತೆ ಅತ್ತಿಗೆ. ಇದಕ್ಕೆ ಮೂಗಿನ ತುದೀಲಿ ಕೋಪ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಕೋಳಿಫಾರಂ ಸಾಹುಕಾರನೂ ಹೊಟ್ಟೆ ಕುಲುಕಿಸಿ ನಕ್ಕ. ಈ ಸಲ ಮರಿಗಳು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಅಂದಿದ್ದವನು ಅವನೇ. ಅವನನ್ನು ಬಿಟ್ಟರೆ ಇವರಿಗೆ ಬೇರೆ ಗಿರಾಕಿಯೂ ಇರಲಿಲ್ಲ.

ಅಣ್ಣ ಅಭ್ಯಾಸದಂತೆ ಒಂದು ಮೊಟ್ಟೆ ಎತ್ತಿ ಮುಚ್ಚಿದ ರೆಪ್ಪೆಗೆ ಒತ್ತಿಕೊಂಡ. ಅಪ್ಪ ಬಿಸಿ ನೋಡುತ್ತಿದ್ದದ್ದೂ ಹೀಗೇ.

"ನೋಡಿ ಸಾಹುಕಾರ್ರೇ, ಇದನ್ನೇ ಬಿಡಿಸ್ಬೇಕಾಗಿರೋದು," ಅಂದ ತಮ್ಮ. "ಇನ್ಮೇಲೆ ಅಣ್ಣ ಏನೂ ಮುಟ್ಟಂಗಿಲ್ಲ."

ಹೊರಗಿನವನ ಎದುರು ಆಡಿದ ಮಾತು. ಅಣ್ಣನ ಕಿವಿ ಕೆಂಪಾಯಿತು. "ಆಯ್ತಪ್ಪ ಪಂಡಿತ. ನಾನು ಇದರ ತಂಟೆಗೇ ಬರಲ್ಲ."

ಹಲಗೆ ನೆಟ್ಟಗೇ ಕೆಲಸ ಮಾಡಿತು. ಬಿಸಿ ಏರಿದರೆ ಹೀಟರ್ ಆರಿಸುತ್ತಿತ್ತು, ಇಳಿದರೆ ಹೊತ್ತಿಸುತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ತಮ್ಮ ಅದನ್ನು ಹೊಗಳುತ್ತಿದ್ದ, ಅಣ್ಣ ತಲೆ ಎತ್ತದೆ ಉಣ್ಣುತ್ತಿದ್ದ.

ಮೊಟ್ಟೆ ಒಡೆಯುವ ಹೊತ್ತು ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ತಮ್ಮ ಮೇವು ತರಲು ಹೋದ. ಅಣ್ಣ ಖಾಲಿ ಟ್ರೇ ತರಲೆಂದು ಪೆಟ್ಟಿಗೆ ಇದ್ದ ಕೋಣೆಯ ಬಾಗಿಲು ತೆಗೆದವನೇ ಹಿಂದೆ ಸರಿದ. ಮುಖಕ್ಕೆ ಧಗೆ ಹೊಡೆಯಿತು. ಪರದೆ ನೋಡಿದ. ಮೂವತ್ತೇಳೂವರೆ. ಬೇರೆ ದಿನ ಚೂರು ಮೇಲೆ ಕೆಳಗೆ ಆಡುತ್ತಿದ್ದ ಅಂಕಿ ಇವತ್ತು ಗೋಡೆಗೆ ಬರೆದ ಹಾಗೆ ನಿಂತಿತ್ತು. ಹೀಟರ್ ಕೆಂಪಗೆ ಉರಿಯುತ್ತಲೇ ಇತ್ತು. ಪೆಟ್ಟಿಗೆಯಿಂದ ಒಂದು ಮೊಟ್ಟೆ ತೆಗೆದು ರೆಪ್ಪೆಗಿಟ್ಟ. ಚುರುಕ್ಕೆಂದಿತು.

ಕೈ ಸ್ವಿಚ್ಚಿನವರೆಗೆ ಹೋಯಿತು. ಸಾಹುಕಾರನ ನಗು ಕಿವಿಯಲ್ಲಿ ಆಡಿತು. ಮುಟ್ಟಂಗಿಲ್ಲ ತಾನೇ? ಬರಲಿ ತಮ್ಮನೇ, ನೋಡಲಿ ತನ್ನ ಯಂತ್ರದ ಯೋಗ್ಯತೆ. ಇನ್ನೇನು ಬಂದುಬಿಡುತ್ತಾನೆ, ಅಷ್ಟರಲ್ಲಿ ಮೊಟ್ಟೆಗಳಿಗೆ ಏನೂ ಆಗುವುದಿಲ್ಲ. ಮೊಟ್ಟೆಯನ್ನು ಇದ್ದಲ್ಲೇ ಇಟ್ಟು ಬಾಗಿಲೆಳೆದುಕೊಂಡ.

ಹೊರಗೆ ಕೂತು ಖಾಲಿ ಟ್ರೇ ತೊಳೆಯತೊಡಗಿದ. ಫೋನು ಜೇಬಲ್ಲೇ ಇತ್ತು. ಟ್ರೇಗಳೆಲ್ಲ ಮುಗಿದವು, ತಮ್ಮ ಬರಲಿಲ್ಲ. ತೊಳೆದಿದ್ದನ್ನೇ ಮತ್ತೆ ತೊಳೆದ.

ತಮ್ಮ ಬಂದಾಗ ಬಿಸಿಲು ನೆತ್ತಿಗೇರಿತ್ತು. ಒಳಗೆ ಹೋದವನು ಕೂಗಿಕೊಂಡ. ಅಣ್ಣ ಎದ್ದು ಹೋಗುವಷ್ಟರಲ್ಲಿ ತಂತಿಯೆಲ್ಲ ಕಿತ್ತು ಒಂದು ಮೊಟ್ಟೆ ಒಡೆದಿದ್ದ. ಕೊಕ್ಕು, ರೆಕ್ಕೆ, ಒದ್ದೆ ತುಪ್ಪಳ, ಎಲ್ಲ ಬೆಳೆದಿತ್ತು. ಮಿಸುಕಲಿಲ್ಲ. ಇನ್ನೊಂದು ಒಡೆದ. ಮತ್ತೊಂದು.

"ಬೆಳಿಗ್ಗೆ ನೀನು ನೋಡಿದಾಗ ಹೇಗಿತ್ತು ಅಣ್ಣ?"

"ಮೂವತ್ತೇಳೂವರೆ ಅಂತ ತೋರಿಸ್ತಿತ್ತು."

"ಮುಟ್ಟಿ ನೋಡ್ಲಿಲ್ವಾ?"

"ಮುಟ್ಟಬೇಡ ಅಂದಿದ್ದೆಯಲ್ಲ."

ತಮ್ಮ ನೆಲಕ್ಕೆ ಕುಸಿದು ಕೂತ. "ಹೌದು. ಅಂದಿದ್ದೆ. ಆ ದರಿದ್ರ ಚಾರ್ಜರಿಗೆ ತಾಕತ್ತಿರಲಿಲ್ಲ, ಆ ಹಳದಿ ಮಿಂಚು ಅದನ್ನೇ ಹೇಳ್ತಿತ್ತು; ಹೀಟರ್ ಆರಿಸದೆ ಇದು ಹಾಗೇ ಸ್ತಬ್ಧವಾಗಿ ನಿಂತುಬಿಟ್ಟಿದೆ. ನಿನ್ನ ಕೈ ಆಡೋಕೆ ಬಿಟ್ಟಿದ್ರೆ ಇವೆಲ್ಲ ಬದುಕ್ತಿದ್ವು. ತಪ್ಪೆಲ್ಲ ನಂದೇ ಅಣ್ಣ. ಸಾಹುಕಾರನಿಗೂ ಹಾಗೇ ಹೇಳ್ತೀನಿ. ನಿನ್ನ ಮೇಲೆ ಒಂದು ಮಾತು ಬರೋಕೆ ಬಿಡಲ್ಲ."

ಅಣ್ಣ ಬಾಯಿ ತೆರೆದ. "ಏಳು," ಅಂದ.

ಇಬ್ಬರೂ ಸೇರಿ ಹಿತ್ತಲಲ್ಲಿ ಗುಂಡಿ ತೋಡಿದರು. ಎಲ್ಲ ಸುರಿದು ಮಣ್ಣೆಳೆದ ಮೇಲೆ ತಮ್ಮ ತೊಟ್ಟಿಯ ಬಳಿ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ. ಅಣ್ಣ ಚೊಂಬು ಬಗ್ಗಿಸಿದ. ತಮ್ಮ ಉಜ್ಜುತ್ತಲೇ ಇದ್ದ, ಅಣ್ಣ ನೀರು ಹುಯ್ಯುತ್ತಲೇ ಇದ್ದ.