ಕುತ್ತಿಗೆಯ ಅಳತೆ

ಬೆಕ್ಕಿನ ಮರಿ ಸಿಕ್ಕಿದ್ದು ಚೂರುಬಟ್ಟೆಯ ಚೀಲದಲ್ಲಿ. ಹೊಲಿಗೆ ಅಂಗಡಿಯ ಹಿಂಬಾಗಿಲ ಬಳಿ, ಕತ್ತರಿಸಿ ಉಳಿದ ತುಂಡುಗಳನ್ನು ತುಂಬಿಡುವ ಗೋಣಿಚೀಲವೊಂದು ಸದಾ ಬಾಯಿ ತೆರೆದುಕೊಂಡೇ ಇರುತ್ತಿತ್ತು. ದಿಂಬಿಗೆ ತುಂಬಲು ನಾಲ್ಕು ಹಿಡಿ ಚೂರು ತೆಗೆಯೋಣವೆಂದು ಮಾಸ್ಟರ ಹೆಂಡತಿ ಕೈ ಹಾಕಿದಾಗ ಬೆಚ್ಚಗಿನದೇನೋ ತಗುಲಿತು. ಬೂದು ಬಣ್ಣದ ಮರಿಯೊಂದು ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು ಮಲಗಿತ್ತು. ಆಕೆ ಅದಕ್ಕೆ ಉಂಡೆ ಎಂದೇ ಹೆಸರಿಟ್ಟರು. ಮಾಸ್ಟರು ಮಿಷನ್ನಿನಿಂದ ತಲೆಯೆತ್ತದೆ, ಕಪ್ಪು ಪ್ಯಾಂಟುಗಳ ಮೇಲೆ ಕೂದಲು ಬಿದ್ದರೆ ಗಿರಾಕಿಗಳಿಗೆ ನೀನೇ ಜವಾಬು ಕೊಡು ಎಂದರು.

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಮಾಸ್ಟರು ಎಂದೇ. ಕೆಳಗೆ ಅಂಗಡಿ, ಕಡಿದಾದ ಮೆಟ್ಟಿಲು ಹತ್ತಿದರೆ ಮನೆ. ಅಂಗಡಿಯ ಮುಂಭಾಗ ಅವರದು: ಕತ್ತರಿಸುವ ಮೇಜು, ಹೊಲಿಗೆ ಮಿಷನ್ನು, ಗೋಡೆಗೆ ತೂಗುಹಾಕಿದ ಅರ್ಧ ಅಂಗಿಗಳು. ಪರದೆಯ ಹಿಂದಿನ ಭಾಗ ಹೆಂಡತಿಯದು. ಮಾಸ್ಟರು ಹೊಲಿದದ್ದಕ್ಕೆ ಗುಂಡಿ ಹಚ್ಚುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು, ಕಾಲರು ತಿರುವಿ ಮೂಲೆ ಚೂಪು ಮಾಡುವುದು, ಎಲ್ಲ ಆಕೆಯ ಕೆಲಸ. ಮೂವತ್ತು ವರ್ಷದಿಂದ ಒಂದೇ ಬಟ್ಟೆ ಇಬ್ಬರ ಕೈಯನ್ನೂ ದಾಟಿಯೇ ಗಿರಾಕಿಗೆ ಹೋಗುತ್ತಿತ್ತು.

ಅವರ ಅಂಗಡಿ ಹೆಸರಾಗಿದ್ದುದು ಶಾಲೆಯ ಮಕ್ಕಳ ಯೂನಿಫಾರ್ಮಿಗೆ. ಬೆಳೆಯುವ ಮಗುವಿನ ಬಟ್ಟೆಯಲ್ಲಿ ಮಾಸ್ಟರು ಎರಡು ಬೆರಳಿನಷ್ಟು ಬಟ್ಟೆಯನ್ನು ಒಳಗೆ ಮಡಿಸಿ ಬಿಡುತ್ತಿದ್ದರು. ಮಗು ಬೆಳೆದಾಗ ತಂದುಕೊಟ್ಟರೆ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುವರು. ಮತ್ತೆ ಕಾಸು ಕೇಳಿದವರಲ್ಲ. "ಬೆಳೆದದ್ದು ಅವನು, ನಾನೇನು ಮಾಡಿದೆ" ಎಂದು ನಗುವರು.

ಮರಿಯನ್ನು ಬೈದವರೇ ಅದಕ್ಕೊಂದು ಕುತ್ತಿಗೆಪಟ್ಟಿಯನ್ನೂ ಹೊಲಿದರು. ಕೆಂಪು ಬಟ್ಟೆ, ಒಳಗೆ ಮೆತ್ತನೆಯ ಅಸ್ತರು, ಒಂದು ಪುಟ್ಟ ಗುಂಡಿ. ಅದರಲ್ಲೂ ಬೆಳವಣಿಗೆಗೆಂದು ಮಡಿಕೆ ಬಿಟ್ಟಿದ್ದರು. ಹೆಂಡತಿ ಅದನ್ನು ತಿರುಗಿಸಿ ನೋಡಿ, "ಮುಂದಿನ ವರ್ಷ ಶಾಲೆಗೆ ಸೇರಿಸೋದಾ?" ಎಂದು ಕೇಳಿದರು.

ಆಕೆಯ ಸೊಂಟದ ಮೂಳೆಯ ಆಪರೇಷನ್ನಿಗೆ ದಿನ ಮೊದಲೇ ಗೊತ್ತಾಗಿತ್ತು. ಆಸ್ಪತ್ರೆಯಿಂದ ಬಂದಮೇಲೆ ಎರಡು ತಿಂಗಳಾದರೂ ಮೆಟ್ಟಿಲು ಹತ್ತುವಂತಿರಲಿಲ್ಲವಾದ್ದರಿಂದ, ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮನೆಯಲ್ಲಿ, ನೆಲಮಹಡಿಯಲ್ಲಿ, ಇರುವುದೆಂದಾಯಿತು. ಹೋಗುವ ಮೊದಲು ಆಕೆಯೇ ಕುಂಟುತ್ತ ಉಂಡೆಯನ್ನು ಪ್ರಾಣಿಗಳ ಡಾಕ್ಟರ ಬಳಿ ಕರೆದೊಯ್ದು ತೂಗಿಸಿ ಬಂದರು. ಎಂಟುನೂರು ಗ್ರಾಂ. ಎರಡು ತಿಂಗಳ ಮರಿಗೆ ಪರವಾಗಿಲ್ಲ ಎಂದು ಡಾಕ್ಟರು ಹೇಳಿ, ಹೊಟ್ಟೆಹುಳುವಿಗೆ ಔಷಧಿಯ ಮೊದಲ ಹನಿ ಹಾಕಿದ್ದರು. ಹದಿನೈದು ದಿನಕ್ಕೊಮ್ಮೆ ತರಬೇಕು, ತೂಕ ನೋಡಿಕೊಂಡು ಮುಂದಿನ ಔಷಧಿ ಕೊಡಬೇಕು ಎಂದಿದ್ದರು.

ಆಸ್ಪತ್ರೆಗೆ ಕರೆದೊಯ್ಯಲು ಅಕ್ಕ ಆಟೋ ತಂದು ನಿಲ್ಲಿಸಿದಾಗ ಆಕೆ ಚೀಲ ಗಂಡನ ಕೈಗೆ ಕೊಡುತ್ತ ಹೇಳಿದ್ದು ಇದೊಂದೇ ಮಾತು.

"ನಂಗೇನೂ ಆಗಲ್ಲ, ನನ್ನ ಚಿಂತೆ ಬಿಡಿ. ಉಂಡೆ ಬೆಳೀಬೇಕು. ನಿಮ್ಮ ಕಣ್ಣಳತೆ ಬೇಡ ರೀ, ತಕ್ಕಡಿ ಮೇಲೆ ಇಡಿಸಿ."

ಆಯಿತು ಎಂದರು ಮಾಸ್ಟರು. ಹಾಗೆಂದಾಗ ಮನಸ್ಸಿನಲ್ಲಿಯೂ ಹಾಗೇ ಇತ್ತು. ಆದರೆ ಆಟೋ ತಿರುವು ದಾಟುವಷ್ಟರಲ್ಲಿ ಯೂನಿಫಾರ್ಮಿನ ಬಟ್ಟೆ ಹೊತ್ತ ತಾಯಂದಿರು ಬಾಗಿಲಿಗೆ ಬಂದಿದ್ದರು. ಶಾಲೆ ತೆರೆಯುವ ಕಾಲ. ಮೇಜಿನ ಮೇಲೆ ನೀಲಿ ಬಟ್ಟೆ ಬೆಟ್ಟದಷ್ಟಾಯಿತು. ಪರದೆಯ ಹಿಂದಿನ ಕೆಲಸವೂ ಅವರ ತಲೆಯ ಮೇಲೇ ಬಿತ್ತು. ಗುಂಡಿ ಹಚ್ಚುವಾಗ ಸೂಜಿ ಚುಚ್ಚಿಸಿಕೊಂಡು, ಇಷ್ಟು ವರ್ಷ ಈಕೆ ಇದನ್ನು ಹೇಗೆ ಮಾಡಿದಳಪ್ಪ ಎಂದುಕೊಂಡರು.

ಎರಡು ವಾರ ಕಳೆದು ಹೆಂಡತಿ ಫೋನು ಮಾಡಿ ತೂಕ ಕೇಳಿದಾಗ ಇನ್ನೂ ಡಾಕ್ಟರ ಬಳಿ ಹೋಗಿರಲಿಲ್ಲ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊರಳಲ್ಲಿ ಟೇಪು ನೇತಾಡುತ್ತಿತ್ತು, ಉಂಡೆ ಮೇಜಿನ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಟೇಪನ್ನು ಅದರ ಸೊಂಟಕ್ಕೆ ಸುತ್ತಿ, ಒಂಬತ್ತು ಇಂಚು ಎಂದರು. ಆ ಕಡೆಯಿಂದ ಆಕೆ ಜೋರಾಗಿ ನಕ್ಕರು. ಆಪರೇಷನ್ನಾದ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು. ಆ ನಗೆಗಾಗಿಯೇ ಮಾಸ್ಟರು ಮುಂದಿನ ವಾರವೂ ಅಳತೆ ತೆಗೆದರು.

ವಾರವಾರಕ್ಕೂ ಅಳತೆ ಏರಿತು. ಮರಿಗೆ ಹಾಲು, ಬೇಯಿಸಿದ ಮೀನು, ತಮ್ಮ ತಟ್ಟೆಯಿಂದ ಒಂದಿಷ್ಟು, ಯಾವುದಕ್ಕೂ ಮಾಸ್ಟರು ಕೊರತೆ ಮಾಡಲಿಲ್ಲ. ಊಟವಾದ ಮೇಲೆ ಅದು ಅವರ ಕಾಲ ಬಳಿ, ಮಿಷನ್ನಿನ ಪೆಡಲಿನ ಪಕ್ಕ, ಹೊಟ್ಟೆ ಮೇಲೆ ಮಾಡಿ ಮಲಗುತ್ತಿತ್ತು. ಅದು ಎಚ್ಚರಾಗಬಾರದೆಂದು ಅವರು ಕೆಲವೊಮ್ಮೆ ಮಿಷನ್ನು ನಿಲ್ಲಿಸಿ ಕೈಹೊಲಿಗೆಯ ಕೆಲಸ ಎತ್ತಿಕೊಂಡದ್ದೂ ಉಂಟು.

"ಈ ವಾರ ಎಷ್ಟು ರೀ?"

"ಹತ್ತೂವರೆ."

"ಅಯ್ಯೋ, ನಿಮ್ಮ ಅಂಗಿಗಿಂತ ಬೇಗ ಬಿಗಿ ಬರ್ತಿದೆಯಲ್ಲ! ತಕ್ಕಡಿ ಏನು ಹೇಳ್ತು?"

"ಯೂನಿಫಾರ್ಮ್ ಗಲಾಟೆ ಒಂದು ಮುಗೀಲಿ ಕಣೇ. ಟೇಪೇ ಹೇಳ್ತಿದೆಯಲ್ಲ."

ಆಕೆ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಟೇಪಿನ ಮೇಲೆ ಆ ಮನೆಯಲ್ಲಿ ಇಬ್ಬರಿಗೂ ನಂಬಿಕೆ.

ಪಕ್ಕದ ಇಸ್ತ್ರಿ ಅಂಗಡಿಯಾಕೆ ಹೊಲಿದ ಯೂನಿಫಾರ್ಮುಗಳನ್ನು ಒಯ್ಯಲು ಬಂದಾಗಲೆಲ್ಲ ಉಂಡೆಯನ್ನು ಮಾತಾಡಿಸುತ್ತಿದ್ದಳು. ಒಂದು ದಿನ ಅದನ್ನು ಎತ್ತಿಕೊಂಡು ದಿಟ್ಟಿಸಿ, "ಅಣ್ಣಾ, ಹೊಟ್ಟೆಯೇನೋ ಇದೆ, ಮುಖ ಯಾಕೋ ಸಣ್ಣಗಾಗಿದೆ ಅಲ್ವಾ?" ಎಂದಳು.

ಎತ್ತರ ಎಳೆಯುತ್ತಿದೆ, ಹುಡುಗರಿಗೂ ಆ ವಯಸ್ಸಿನಲ್ಲಿ ಮುಖ ಹಾಗೇ ಆಗುತ್ತದೆ ಎಂದರು ಮಾಸ್ಟರು. ಮರುದಿನ ಅವಳು ತನ್ನ ಊಟದ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯ ಅರ್ಧವನ್ನು ಕಾಗದದಲ್ಲಿ ಸುತ್ತಿ ತಂದು, ಉಂಡೆಯ ಮುಂದಿಟ್ಟು ಹೋದಳು.

ಯೂನಿಫಾರ್ಮುಗಳೆಲ್ಲ ಹೋದವು. ಮೇಜು ಖಾಲಿಯಾಯಿತು. ಹೆಂಡತಿ ಬರುವ ದಿನವೂ ಹತ್ತಿರವಾಯಿತು. ಬಂದವಳು ನೋಡಿ ಖುಷಿಪಡಲೆಂದು, ಪಟ್ಟಿಯ ಮಡಿಕೆ ಬಿಚ್ಚಿ ದೊಡ್ಡದು ಮಾಡಿಡೋಣವೆಂದು ಮಾಸ್ಟರಿಗೆ ಅನ್ನಿಸಿತು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಉಂಡೆಯನ್ನು ಅಲ್ಲಿ ಕೂರಿಸಿ ಪಟ್ಟಿಗೆ ಕೈಹಾಕಿದರು. ಗುಂಡಿ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಪಟ್ಟಿ ಕಿವಿಗಳ ಮೇಲಿಂದ ಜಾರಿ ಅವರ ಕೈಗೆ ಬಂತು.

ಅವರು ಅದನ್ನು ಹಿಡಿದುಕೊಂಡು ನಿಂತರು. ಆಮೇಲೆ ಟೇಪು ತೆಗೆದರು. ಕೊರಳ ಬಳಿ ಟೇಪು ತಂದರೆ ಕಚ್ಚಿ ಎಳೆದಾಡುತ್ತಿದ್ದ ಮರಿ ಅದು. ಅದಕ್ಕೇ ಅವರು ಇಷ್ಟು ದಿನ, ಅಂಗಾತ ಮಲಗಿ ತಾನೇ ತೋರಿಸುವ ಹೊಟ್ಟೆಯನ್ನಷ್ಟೇ ಅಳೆದದ್ದು. ಇಂದು ಅದು ಕಚ್ಚಲಿಲ್ಲ, ಮುಂಗಾಲನ್ನೂ ಎತ್ತಲಿಲ್ಲ. ಪಟ್ಟಿ ಹೊಲಿದ ದಿನ ಆರು ಇಂಚಿದ್ದ ಕುತ್ತಿಗೆ ಈಗ ಐದೂವರೆ ಇತ್ತು.

ಸೊಂಟ ಒಂದನ್ನೇ ಅಳೆದು ಅವರು ಯಾರಿಗೂ ಬಟ್ಟೆ ಹೊಲಿದವರಲ್ಲ. ಕುತ್ತಿಗೆ, ಭುಜ, ಎದೆ, ಸೊಂಟ, ಉದ್ದ: ಒಂದು ಬಿಟ್ಟರೂ ಕತ್ತರಿ ಮುಟ್ಟುತ್ತಿರಲಿಲ್ಲ. ಟೇಪನ್ನು ಪಕ್ಕಕ್ಕಿಟ್ಟು ಬೆರಳುಗಳನ್ನು ಮರಿಯ ಭುಜದ ಮೇಲಿಂದ ಬೆನ್ನುದ್ದಕ್ಕೂ ಮೆಲ್ಲಗೆ ಎಳೆದರು. ಒತ್ತಾದ ಕೂದಲಿನ ಕೆಳಗೆ ಬೆನ್ನುಮೂಳೆ ಮಣಿಮಣಿಯಾಗಿ ಸಿಕ್ಕಿತು. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹೊಟ್ಟೆ ಮಾತ್ರ ಬೇರೆ ಯಾರದೋ ಹೊಟ್ಟೆಯನ್ನು ತಂದು ಹೊಲಿದ ಹಾಗೆ ಬಿಗಿಯಾಗಿ ಊದಿಕೊಂಡಿತ್ತು.

ಅಂಗಡಿಯ ಬಾಗಿಲು ಹಾಕಲೂ ನಿಲ್ಲದೆ, ಇಸ್ತ್ರಿಯಾಕೆಗೆ ನೋಡಿಕೋ ಎಂದಷ್ಟೇ ಹೇಳಿ ಓಡಿದರು. ಅವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಅವರ ಬಾಗಿಲಲ್ಲಿ ಬಂದು ಕೂತಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಕ್ಕಡಿಯ ಉಕ್ಕಿನ ತಟ್ಟೆ ತಣ್ಣಗಿರುತ್ತದೆಂದು ಅದರ ಮೇಲೆ ಟವೆಲು ಹಾಸಿ, ಮುಳ್ಳನ್ನು ಸೊನ್ನೆಗೆ ತಂದುಕೊಂಡು, ಆಮೇಲೆ ಮರಿಯನ್ನಿಟ್ಟಳು. ಒಂಬೈನೂರು ಗ್ರಾಂ. ನಾಲ್ಕು ತಿಂಗಳಿಗೆ ಎರಡು ಕೆಜಿಯ ಹತ್ತಿರ ಬರಬೇಕಿತ್ತು ಎಂದಳು. ಈ ಊತ ಹುಳುವಿನದು. ತಿಂದದ್ದೆಲ್ಲ ಅವಕ್ಕೇ ಹೋಗಿದೆ, ಹಾಲಿನಿಂದ ಭೇದಿಯೂ ಆಗಿರಬೇಕು ಎಂದಳು. ಆಗಿತ್ತು. ಹೆಚ್ಚು ತಿಂದದ್ದಕ್ಕೆ ಎಂದು ಮಾಸ್ಟರು ತಿಳಿದಿದ್ದರು.

ಅವಳು ಅವರ ಕೈಯನ್ನು ಹಿಡಿದು ಮರಿಯ ಪಕ್ಕೆಯ ಮೇಲಿಟ್ಟು ತೋರಿಸಿದಳು. ಚೆನ್ನಾಗಿ ಬೆಳೆಯುವ ಮರಿಯ ಪಕ್ಕೆಲುಬು ತೆಳ್ಳನೆಯ ಬಟ್ಟೆಯ ಕೆಳಗಿದ್ದ ಹಾಗೆ ಬೆರಳಿಗೆ ಸಿಗಬೇಕು, ಹೀಗೆ ಚುಚ್ಚಬಾರದು. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ತುಸು ಒಳಗೆ ಹೋಗಿರಬೇಕು. ಮಾಸ್ಟರು ತಲೆಯಾಡಿಸಿದರು. ಇಷ್ಟು ದಿನ ಬಿಟ್ಟು ಯಾಕೆ ತಂದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತೆಂದು ಅವರಿಗೆ ಅನ್ನಿಸಿತು.

ಔಷಧಿ ಕೊಟ್ಟಳು, ಚರ್ಮದಡಿಗೆ ಸಲೈನ್ ನೀರು ಏರಿಸಿದಳು. ಮೈಯಲ್ಲಿ ತಡೆದುಕೊಳ್ಳುವ ಶಕ್ತಿಯೇನೂ ಉಳಿದಿಲ್ಲ, ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ, ಈ ವಾರದಲ್ಲಿ ಐವತ್ತು ಗ್ರಾಂ ಏರಿದರೂ ಉಳಿದೀತು ಎಂದಳು.

ಆ ಸಂಜೆ ಫೋನು ಬಂತು.

"ಈ ವಾರ ಎಷ್ಟು ರೀ?"

"ಒಂಬೈನೂರು" ಎಂದರು ಮಾಸ್ಟರು.

"ಏನು ಒಂಬೈನೂರು?"

"ಗ್ರಾಂ. ತಕ್ಕಡಿ ಮೇಲೆ ಇಡಿಸ್ದೆ."

ಆಕೆ, "ನಾಳೆ ಬರ್ತೀನಿ" ಎಂದರು.

ಅಕ್ಕ ಬೈದರು, ಇನ್ನೆರಡು ವಾರ ಬಿಟ್ಟು ಹೋಗು ಎಂದರು. ಆಕೆ ಕೇಳಲಿಲ್ಲ. ಕೋಲೂರಿಕೊಂಡು ಬಂದರು, ಮೆಟ್ಟಿಲು ಹತ್ತುವಂತಿಲ್ಲವೆಂದು ಪರದೆಯ ಹಿಂದೆಯೇ ಹಾಸಿಗೆ ಹಾಕಿಸಿಕೊಂಡರು. ಮಾಸ್ಟರು ಪಕ್ಕದಲ್ಲಿ ನೆಲದ ಮೇಲೆ. ಉಂಡೆ ಆಕೆಯ ಮಡಿಲಿಗೆ ಹೋಗಿ, ಹಳೆಯ ಗುರುತು ಸಿಕ್ಕಿದ ಹಾಗೆ ಒಮ್ಮೆ ಗುರುಗುಟ್ಟಿತು. ಬೆರಳ ತುದಿಯಿಂದ ಕೊಟ್ಟ ಮೀನನ್ನು ನೆಕ್ಕಿತು. ತಟ್ಟೆಗೆ ಬಗ್ಗಿದಾಗ ಪಟ್ಟಿ ಜಾರಿ ತಟ್ಟೆಯೊಳಗೆ ಬಿತ್ತು.

"ಸ್ವಲ್ಪ ಒಳಗೆ ಹಿಡಿದು ಬಿಗಿ ಮಾಡಿ ಕೊಡಿ" ಎಂದರು ಆಕೆ, ಅದನ್ನು ಒರೆಸಿ.

ಬೆಳೆಯುವ ಮಕ್ಕಳ ಬಟ್ಟೆಯನ್ನು ಮಾಸ್ಟರು ಎಂದೂ ಒಳಗೆ ಹಿಡಿದವರಲ್ಲ. ಮಿಷನ್ನಿಗೆ ಹಾಕದೆ ಕೈಯಲ್ಲೇ ಹೊಲಿದರು. ಅರ್ಧ ಇಂಚಿಗೆ ಅಷ್ಟು ಹೊತ್ತು ಅವರು ಯಾವ ಬಟ್ಟೆಗೂ ತೆಗೆದುಕೊಂಡಿರಲಿಲ್ಲ.

ಇಬ್ಬರೂ ಸರದಿಯಲ್ಲಿ ಎದ್ದು ಡಾಕ್ಟರು ಹೇಳಿದಂತೆ ಹನಿಹನಿಯಾಗಿ ಉಣಿಸಿದರು. ಹತ್ತು ಗ್ರಾಂ ಏರಿತು, ಮತ್ತೆ ಇಳಿಯಿತು. ಆ ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ, ಉಂಡೆ ಹೆಂಡತಿಯ ಮಡಿಲಲ್ಲೇ ಸತ್ತುಹೋಯಿತು. ಹಿತ್ತಲಿನ ಮೂಲೆಯಲ್ಲಿ ಮಾಸ್ಟರು ಗುಂಡಿ ತೋಡಿದರು. ಇಸ್ತ್ರಿಯಾಕೆ ಒಂದು ಬಿಳಿ ಬಟ್ಟೆಯನ್ನು ಇಸ್ತ್ರಿ ಮಾಡಿ, ಬಿಸಿಯಾರುವ ಮೊದಲೇ ತಂದುಕೊಟ್ಟಳು.

ಅಂದು ಗಿರಾಕಿಗಳು ಬಂದರು, ಹೋದರು. ಮಧ್ಯಾಹ್ನ ಊಟದ ತಟ್ಟೆಗಳು ಹಾಗೇ ಇದ್ದವು. ಪರದೆಯ ಆಚೆಯಿಂದ ಮಾಸ್ಟರು ಮಾತಾಡಿದರು. ಮುಖ ಕಾಣದೆ ಮಾತಾಡುವುದು ಸುಲಭವಾಗಿತ್ತು.

"ನೀನು ಹೇಳಿದ್ದೆ. ಕಣ್ಣಳತೆ ಬೇಡ ಅಂತ ಹೇಳಿ ಹೋಗಿದ್ದೆ. ನೀನು ನಗ್ತೀಯ ಅಂತ ನಾನು ಇಂಚು ಹೇಳ್ತಾ ಕೂತೆ."

ಆಕೆ ಪರದೆ ಸರಿಸಿದರು.

"ನಾನೂ ನಗ್ತಾ ಕೇಳ್ದೆ. ಮೂವತ್ತು ವರ್ಷ ಕಾಲರು ತಿರುವಿದೋಳು, ಕುತ್ತಿಗೆ ಎಷ್ಟು ಅಂತ ಒಂದು ಸಲ ಕೇಳಿದ್ನಾ ನಿಮ್ಮನ್ನ?"

ಅದು ಸಮಾಧಾನಕ್ಕೆ ಹೇಳಿದ ಮಾತೋ ನಿಜವೋ ಮಾಸ್ಟರಿಗೆ ತಿಳಿಯಲಿಲ್ಲ. ಸಮಾಧಾನವಂತೂ ಆಗಲಿಲ್ಲ. ಆದರೆ ಅವರು ಎದ್ದು ಬಂದು ಆಕೆಯ ಪಕ್ಕ, ಹಾಸಿಗೆಯ ಅಂಚಿನಲ್ಲಿ, ಕೂತರು.

ಆಕೆಯ ಕೈಯಲ್ಲಿ ಕೆಂಪು ಪಟ್ಟಿ ಇತ್ತು. ಹೊಲಿಗೆ ಬಿಚ್ಚುವ ಸೂಜಿಯಿಂದ, ಮೊನ್ನೆ ಅವರು ಒಳಗೆ ಹಿಡಿದಿದ್ದ ಆ ಅರ್ಧ ಇಂಚಿನ ಕೈಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದರು. ಯಾಕೆ ಎಂದು ಮಾಸ್ಟರು ಕೇಳಿದರು.

"ಇದು ಬೆಳೀಲಿ ಅಂತ ನೀವು ಹೊಲಿದದ್ದು" ಎಂದರು ಆಕೆ. "ಹಾಗೇ ಇರಲಿ."

ಬೆಳವಣಿಗೆಗೆಂದು ಬಿಟ್ಟ ಮಡಿಕೆಯನ್ನು ಮಾತ್ರ ಆಕೆ ಮುಟ್ಟಲಿಲ್ಲ. ಅದರ ಮೇಲೆ ಹೆಬ್ಬೆರಳಾಡಿಸಿ, ಮಡಿಕೆಯನ್ನು ಸರಿಯಾಗಿ ಕೂರಿಸಿ, ಪಟ್ಟಿಯನ್ನು ಗುಂಡಿಗಳ ಡಬ್ಬಿಯಲ್ಲಿಟ್ಟರು. ಮಾಸ್ಟರು ಹಾಸಿಗೆಯ ಮೇಲೆ ಬಿದ್ದಿದ್ದ ಕೆಂಪು ಎಳೆಗಳನ್ನು ಆಯ್ದುಕೊಂಡರು. ಹಿಂಬಾಗಿಲ ಬಳಿಯ ಚೂರುಬಟ್ಟೆಯ ಚೀಲಕ್ಕೆ ಹಾಕುವ ಮೊದಲು, ಅಭ್ಯಾಸವಿಲ್ಲದಿದ್ದರೂ, ಒಳಗೆ ಕೈಯಾಡಿಸಿ ನೋಡಿದರು. ಬರೀ ಬಟ್ಟೆಯಿತ್ತು.